ಕೆಂಪು ದೀಪ ಹೊತ್ತಿತು, ನೀರು ಎಲ್ಲಿಗೆ ಹೋಯಿತು?



ಈಗ ಸಣ್ಣ ಹಿಡುವಳಿದಾರರ ಅಂಗಳದಲ್ಲಿಯೂ ಒಂದು ಕಾರೋ, ಜೀಪೋ, ಪಿಕಪ್ಪೋ ನಿಂತಿರುವುದು ಸಾಮಾನ್ಯವಾಗಿದೆ. ಕಾಫಿ ಚೀಲವನ್ನು ಕ್ಯೂರಿಂಗಿಗೆ ಒಯ್ಯಲು, ಅಡಿಕೆ ಮೂಟೆಯನ್ನು ಸಂಘಕ್ಕೆ ತರಲು, ಅಪರಾತ್ರಿಯಲ್ಲಿ ಆಸ್ಪತ್ರೆಗೆ ಓಡಲು ಅದೇ ನಮಗೆ ಗತಿ. ಗಿಡದ ಎಲೆ ಹಳದಿಯಾದರೆ ಮರುದಿನವೇ ಬುಡ ಕೆದಕಿ ನೋಡುವ ನಾವು, ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಒಂದು ದೀಪ ಹೊತ್ತಿದರೆ ಮಾತ್ರ "ನಾಳೆ ನೋಡಿದರಾಯಿತು" ಎಂದುಕೊಳ್ಳುತ್ತೇವೆ. ಹಾಗೆ ಎಂದುಕೊಂಡವರಲ್ಲಿ ನಾನೂ ಒಬ್ಬ. ಅದರ ಫಲವನ್ನು ಕೆಜಿಎಫ್ ಮತ್ತು ಬಂಗಾರಪೇಟೆ ನಡುವಿನ ರಸ್ತೆಯಲ್ಲಿ ಉಂಡೆ. ಅಲ್ಲಿ ಕಲಿತುದನ್ನು ನಮ್ಮ ಸದಸ್ಯರಿಗೆ ತಿಳಿಸುವುದು ಒಳ್ಳೆಯದೆಂದು ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ನಡೆದದ್ದು ಇಷ್ಟು

ನನ್ನ ಮಡದಿಯ ಅಣ್ಣ ಕೆಜಿಎಫ್‌ನಲ್ಲಿ ನೌಕರಿ ಮಾಡಿ, ನಿವೃತ್ತರಾಗಿ ಅಲ್ಲಿಯೇ ಮನೆ ಕಟ್ಟಿಸಿದ್ದಾರೆ. ಏಪ್ರಿಲ್ ತಿಂಗಳಲ್ಲಿ ಗೃಹಪ್ರವೇಶ. ಕಾಫಿ ಕೊಯ್ಲು ಮುಗಿದು, ಹೂಮಳೆಯೂ ಬಂದುಹೋಗಿ, ತೋಟದಲ್ಲಿ ಸ್ವಲ್ಪ ಬಿಡುವಿದ್ದುದರಿಂದ ಮಲೆನಾಡಿನಿಂದ ಕಾರಿನಲ್ಲಿಯೇ ಹೊರಟೆವು. ಊಟೋಪಚಾರ ಮುಗಿಸಿ ಮರುದಿನ ಮಧ್ಯಾಹ್ನ ಒಂದು ಗಂಟೆಗೆ ಹಿಂದಿರುಗುವಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಹಳೆಯ ಗಣಿಗಳ ಸೈನೈಡ್ ದಿಬ್ಬಗಳು ಹಿಂದೆ ಬಿದ್ದು, ಬೆಮೆಲ್ ನಗರ ದಾಟಿ ಬಂಗಾರಪೇಟೆಯ ಕಡೆ ಸಾಗುತ್ತಿರುವಾಗ ಕೆಂಪು ದೀಪ ಹೊತ್ತಿತು. ಅಲೆಯ ಮೇಲೆ ನಿಂತ ಥರ್ಮಾಮೀಟರಿನ ಚಿತ್ರ.

"ರೀ, ಅದೇನು ದೀಪ?" ಎಂದಳು ಮಡದಿ. "ಏನಿಲ್ಲ, ನೀರು ಸ್ವಲ್ಪ ಕಡಿಮೆಯಾಗಿರಬೇಕು" ಎಂದೆ. ಇನ್ನು ಎಂಟು ಹತ್ತು ಕಿಲೋಮೀಟರು ಹೋದರೆ ಬಂಗಾರಪೇಟೆ, ಅಲ್ಲಿಯೇ ನೋಡಿದರಾಯಿತು ಎಂಬುದು ನನ್ನ ಲೆಕ್ಕ. ಅವಳು ಒಪ್ಪಲಿಲ್ಲ, ಹುಣಿಸೆ ಮರದ ನೆರಳು ಕಂಡೊಡನೆ ನಿಲ್ಲಿಸಲೇಬೇಕೆಂದಳು. ಅವಳ ಆ ಹಟವೇ ನಮ್ಮ ಇಂಜಿನನ್ನು ಉಳಿಸಿತೆಂದು ಆಮೇಲೆ ತಿಳಿಯಿತು.

ಬಾನೆಟ್ ಎತ್ತಿದಾಗ ಉಗಿ ಬುಸುಗುಟ್ಟುತ್ತಿತ್ತು. ನಾನು ಟವೆಲ್ಲನ್ನು ಕೈಗೆ ಸುತ್ತಿಕೊಂಡು ಮುಚ್ಚಳ ತಿರುಗಿಸಲು ಬಗ್ಗಿದೆ. ಅಷ್ಟರಲ್ಲಿ ಮೊಪೆಡ್ಡಿನಲ್ಲಿ ಬರುತ್ತಿದ್ದ ಹಿರಿಯರೊಬ್ಬರು ಗಾಡಿ ನಿಲ್ಲಿಸಿ ಕೂಗಿಕೊಂಡರು: "ಅಯ್ಯೋ, ತೆಗೀಬೇಡಿ ಸಾರ್! ಮುಖ ಬೆಂದು ಹೋಗ್ತದೆ!" ಗಣಿಯಲ್ಲಿ ಕೆಲಸ ಮಾಡಿದವರಂತೆ. ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದರು.

ಅವರು ಹೇಳಿದ ಮಾತನ್ನು ಇಲ್ಲಿ ವಿವರಿಸಿ ಬರೆಯುವುದು ಅಗತ್ಯ. ಗಾಡಿಯ ನೀರಿನ ವ್ಯವಸ್ಥೆಯು ಅಡಿಗೆಮನೆಯ ಪ್ರೆಷರ್ ಕುಕ್ಕರಿನಂತೆ. ಕೋಲಾರ ಸೀಮೆ ಸಮುದ್ರ ಮಟ್ಟಕ್ಕಿಂತ ಸುಮಾರು 850 ಮೀಟರು ಎತ್ತರದಲ್ಲಿರುವುದರಿಂದ ಬಯಲಿನಲ್ಲಿಟ್ಟ ನೀರು ಅಲ್ಲಿ 97 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಯೇ ಕುದಿಯುತ್ತದೆ. ನಮ್ಮ ಕಾಫಿ ಸೀಮೆಯಲ್ಲಿಯೂ ಹೆಚ್ಚು ಕಡಿಮೆ ಇದೇ ಲೆಕ್ಕ. ಆದರೆ ರೇಡಿಯೇಟರಿನ ಮುಚ್ಚಳದ ಸ್ಪ್ರಿಂಗು ಒಳಗೆ ಒತ್ತಡ ಹಿಡಿದಿಡುವುದರಿಂದ ಒಳಗಿನ ನೀರು 110 ಡಿಗ್ರಿ ದಾಟಿದರೂ ಕುದಿಯದೆ ದ್ರವವಾಗಿಯೇ ಇರಬಲ್ಲದು. ಮುಚ್ಚಳ ತೆಗೆದ ಕ್ಷಣದಲ್ಲಿ ಆ ಒತ್ತಡ ಇಲ್ಲವಾಗುತ್ತದೆ, ಅಷ್ಟು ನೀರೂ ಒಮ್ಮೆಗೇ ಕುದಿದು ಕಾರಂಜಿಯಂತೆ ಮುಖಕ್ಕೆ ಹಾರುತ್ತದೆ. ಕುಕ್ಕರಿನ ಉಗಿ ಇಳಿಯುವ ಮೊದಲು ಮುಚ್ಚಳ ತೆಗೆಯಬಾರದೆಂದು ನಮ್ಮ ಮನೆಯ ಮಕ್ಕಳಿಗೂ ಗೊತ್ತು. ಗಾಡಿಯ ಮುಂದೆ ನಿಂತಾಗ ದೊಡ್ಡವರಿಗೇ ಅದು ಮರೆತುಹೋಗುತ್ತದೆ.

ಮೇಸ್ತ್ರಿಯ ಎರಡು ಪ್ರಶ್ನೆ

ಆ ಹಿರಿಯರೇ ಬಂಗಾರಪೇಟೆಯ ಒಬ್ಬ ಮೇಸ್ತ್ರಿಗೆ ಫೋನು ಮಾಡಿ ಕರೆಸಿದರು. ಆತ ಸ್ಕೂಟರಿನಲ್ಲಿ ನೀರಿನ ಕ್ಯಾನು, ಸ್ಪ್ಯಾನರು ಕಟ್ಟಿಕೊಂಡು ಬರುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಬಂದವನು ಗಾಡಿಗೆ ಕೈ ಹಾಕುವ ಮೊದಲು ನನ್ನನ್ನು ಕೇಳಿದ:

"ಎಷ್ಟು ದಿನದಿಂದ ನೀರು ಹಾಕ್ತಾ ಇದ್ದೀರ ಸಾರ್?"

ಮಡದಿ ನನ್ನ ಮುಖ ನೋಡಿದಳು. ಸುಳ್ಳು ಹೇಳುವಂತಿರಲಿಲ್ಲ. ಎರಡು ತಿಂಗಳ ಹಿಂದೆ ಘಾಟಿ ಹತ್ತುವಾಗಲೇ ಈ ದೀಪ ಒಮ್ಮೆ ಮಿನುಗಿ ಆರಿತ್ತು. ಅಂದಿನಿಂದ ವಾರಕ್ಕೊಮ್ಮೆ ಒಂದು ಚೊಂಬು ನೀರು ಹಾಕಿ ಸುಮ್ಮನಾಗುತ್ತಿದ್ದೆ. ಮನೆಯಲ್ಲಿ ಹೇಳಿರಲಿಲ್ಲ.

"ಯಾವ ನೀರು?" ಎಂಬುದು ಅವನ ಎರಡನೆಯ ಪ್ರಶ್ನೆ. ಊರಿನಲ್ಲಿ ಹಳ್ಳದ ನೀರು, ಆ ದಿನ ಬೆಳಿಗ್ಗೆ ಭಾವನವರ ಮನೆಯ ಕೊಳವೆಬಾವಿಯ ನೀರು ಎಂದೆ. "ಅದಕ್ಕೇ ಮತ್ತೆ. ನೀರು ಎಲ್ಲಿ ಹೋಗ್ತಾ ಇದೆ ಅಂತ ಒಂದು ದಿನಾನೂ ನೋಡ್ಲಿಲ್ಲವಾ?" ಎಂದು ನಕ್ಕ.

ಇಡೀ ಲೇಖನದ ಸಾರ ಆ ಒಂದು ಮಾತಿನಲ್ಲಿದೆ. ಗಾಡಿಯ ನೀರು ಪೆಟ್ರೋಲಿನಂತೆ ಉರಿದು ಹೋಗುವ ವಸ್ತುವಲ್ಲ. ಅದು ಒಳಗೊಳಗೇ ಸುತ್ತುತ್ತಿರಬೇಕಾದುದು. ಕಡಿಮೆಯಾಯಿತೆಂದರೆ ಎಲ್ಲಿಯೋ ದಾರಿ ಮಾಡಿಕೊಂಡಿದೆ ಎಂದೇ ಅರ್ಥ. ನೀರು ತುಂಬಿಸುವುದು ಹಸಿವಾದ ಮಗುವಿನ ಬಾಯಿಗೆ ಬೆರಳು ಇಟ್ಟಂತೆ. ಅಳು ನಿಲ್ಲುತ್ತದೆ, ಹಸಿವು ಹೋಗುವುದಿಲ್ಲ.

ಇಂಜಿನ್ ತಣಿದ ಮೇಲೆ ಹುಡುಕಿದಾಗ ರೇಡಿಯೇಟರಿನ ಕೆಳಗಿನ ರಬ್ಬರು ಹೋಸಿನಲ್ಲಿ ಇಲಿ ಕಡಿದ ಗುರುತು ಸಿಕ್ಕಿತು. ನಮ್ಮ ಶೆಡ್ಡಿನಲ್ಲಿ ಅಡಿಕೆ, ಭತ್ತದ ಹುಲ್ಲು ಇಟ್ಟ ಪಕ್ಕದಲ್ಲಿಯೇ ಕಾರು ನಿಲ್ಲಿಸುವುದರಿಂದ ಇಲಿಗಳಿಗೆ ಅದೇ ಮನೆ. ಕಡಿತದ ಜಾಗ ಬಿಸಿಯಾದಾಗ ಬಿರಿದು ಹನಿಹನಿಯಾಗಿ ಸೋರಿ, ಬಿಸಿ ಇಂಜಿನಿನ ಮೇಲೆ ಬಿದ್ದಲ್ಲಿಯೇ ಒಣಗಿಹೋಗುತ್ತಿತ್ತು. ಆದುದರಿಂದ ನೆಲದ ಮೇಲೆ ತೇವ ಕಾಣಿಸಿರಲಿಲ್ಲ. ಮುಚ್ಚಳದ ರಬ್ಬರು ವಾಷರೂ ಗಟ್ಟಿಯಾಗಿ ಒತ್ತಡ ನಿಲ್ಲುತ್ತಿರಲಿಲ್ಲ.

ದೀಪ ಕಂಡೊಡನೆ ಮಾಡತಕ್ಕದ್ದು

ಮೊದಲು ದೀಪದ ಬಣ್ಣ ತಿಳಿದುಕೊಳ್ಳಬೇಕು. ಕೆಲವು ಗಾಡಿಗಳಲ್ಲಿ ಬೆಳಗಿನ ಹೊತ್ತು ಇದೇ ಚಿತ್ರ ನೀಲಿಯಾಗಿ ಕಾಣುತ್ತದೆ. ಇಂಜಿನ್ ಇನ್ನೂ ತಣ್ಣಗಿದೆ ಎಂದಷ್ಟೇ ಅದರ ಅರ್ಥ, ಹೆದರಬೇಕಾಗಿಲ್ಲ. ಕೆಂಪಾದರೆ ತಾಪ ಮಿತಿಮೀರಿದೆ. ಇನ್ನು ಕೆಲವು ಗಾಡಿಗಳಲ್ಲಿ ನೀರಿನ ಮಟ್ಟ ಇಳಿದುದಕ್ಕೆ ಬೇರೆಯೇ ದೀಪವಿರುತ್ತದೆ. ನಿಮ್ಮ ಗಾಡಿಯದು ಯಾವುದೆಂದು ಕೈಪಿಡಿ ಪುಸ್ತಕದಲ್ಲಿ ಇಂದೇ ನೋಡಿಟ್ಟುಕೊಳ್ಳಿ.

ಕೆಂಪು ದೀಪ ಹೊತ್ತಿದರೆ:

1. ಏಸಿ ಆರಿಸಿ, ವೇಗ ತಗ್ಗಿಸಿ, ಸುರಕ್ಷಿತವಾದ ಜಾಗದಲ್ಲಿ ಬೇಗನೆ ನಿಲ್ಲಿಸಿ. ನಿಲ್ಲಿಸಲು ಜಾಗ ಸಿಗುವವರೆಗೆ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಅದರ ಫ್ಯಾನನ್ನು ಜೋರಾಗಿ ಇಡಿ. ಒಳಗೆ ಕುಳಿತವರಿಗೆ ಸೆಖೆಯಾದರೂ ಇಂಜಿನಿನ ಶಾಖ ಅಷ್ಟು ಹೊರಬೀಳುತ್ತದೆ.

2. ನಿಲ್ಲಿಸಿದ ಮೇಲೆ ಇಂಜಿನ್ ಬಂದ್ ಮಾಡಿ. ಉಗಿ ಬರುತ್ತಿದ್ದರೆ ಅದು ಇಳಿಯುವವರೆಗೆ ಬಾನೆಟ್ ಎತ್ತಬೇಡಿ. ರೇಡಿಯೇಟರ್ ಫ್ಯಾನಿನ ಬಳಿಗೆ ಕೈ ಒಯ್ಯಬೇಡಿ; ಇಂಜಿನ್ ನಿಂತಿದ್ದರೂ ಅದು ತಾನಾಗಿ ತಿರುಗುವುದುಂಟು.

3. ಕಡಿಮೆಯೆಂದರೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಕಾಯಿರಿ. ಮೇಲಿನ ಹೋಸನ್ನು ಮುಟ್ಟಿದರೆ ಕೈಗೆ ಬಿಸಿ ತಾಗದಷ್ಟು, ಹಿಸುಕಿದರೆ ಮೆತ್ತಗಿರುವಷ್ಟು ತಣಿಯಬೇಕು. ಆಮೇಲೆ ದಪ್ಪ ಬಟ್ಟೆ ಹಾಕಿ, ಮುಖ ದೂರವಿಟ್ಟು, ಮುಚ್ಚಳವನ್ನು ಮೊದಲು ಸ್ವಲ್ಪವೇ ತಿರುಗಿಸಿ ಉಳಿದ ಒತ್ತಡ ಬಿಟ್ಟು ನಂತರ ತೆಗೆಯಿರಿ.

4. ಬಿಸಿ ಇಂಜಿನಿಗೆ ತಣ್ಣೀರು ಸುರಿಯಬೇಡಿ. ಕಾದ ಕಾವಲಿಗೆ ನೀರು ಬಿದ್ದಂತೆ ಲೋಹ ಸೊಟ್ಟಗಾಗಬಹುದು, ಬಿರುಕು ಬಿಡಬಹುದು.

5. ದೀಪ ಆರಿತೆಂದೋ, ಮುಳ್ಳು ಕೆಳಗಿಳಿಯಿತೆಂದೋ ನಂಬಿ ಓಡಿಸಬೇಡಿ. ನೀರು ಪೂರ್ತಿ ಹೋದಾಗ ತಾಪ ಅಳೆಯುವ ಸೆನ್ಸರಿಗೆ ತಾಗಲು ನೀರೇ ಇಲ್ಲದೆ ಅದು ತಪ್ಪು ತೋರಿಸುವುದುಂಟು.

ಕಾರಣ ಹುಡುಕುವ ಬಗೆ

ಮೇಸ್ತ್ರಿ ಹೇಳಿಕೊಟ್ಟ ಕ್ರಮ ನಮ್ಮಂಥವರಿಗೆ ಬಹಳ ಉಪಯುಕ್ತ. ಮೊದಲು ಸಮನೆಲದಲ್ಲಿ, ಇಂಜಿನ್ ತಣ್ಣಗಿರುವಾಗ, ಪ್ಲಾಸ್ಟಿಕ್ ಡಬ್ಬಿಯ ಮೇಲಿನ ಎರಡು ಗೆರೆಗಳ ನಡುವೆ ನೀರಿದೆಯೇ ನೋಡಬೇಕು.

ಮಟ್ಟ ಕಡಿಮೆಯಿದ್ದರೆ ಸೋರಿಕೆ ಹುಡುಕಿ. ಹೋಸುಗಳ ತುದಿ, ಕ್ಲಿಪ್ಪುಗಳು, ರೇಡಿಯೇಟರಿನ ಅಂಚು, ವಾಟರ್ ಪಂಪಿನ ಕೆಳಭಾಗ, ಮುಚ್ಚಳದ ವಾಷರು, ಇವು ಸೋರುವ ಜಾಗಗಳು. ಒಣಗಿದ ಬಿಳಿ, ಹಸಿರು ಅಥವಾ ಕೆಂಪು ಕಲೆ ಕಂಡರೆ ಕಳ್ಳ ಅಲ್ಲಿಯೇ ಇದ್ದಾನೆ. ಚಾಲಕನ ಪಕ್ಕದ ಆಸನದ ಕಾಲಡಿಯ ಚಾಪೆ ಒದ್ದೆಯಾಗಿ ಸಿಹಿ ವಾಸನೆ ಬಂದರೆ ಹೀಟರಿನ ಪೆಟ್ಟಿಗೆ ಸೋರುತ್ತಿದೆ.

ಮಟ್ಟ ಸರಿಯಿದ್ದೂ ಪೇಟೆಯಲ್ಲಿ ನಿಂತು ನಿಂತು ಹೋಗುವಾಗ ಮಾತ್ರ ಕಾಯುತ್ತಿದ್ದರೆ, ವೇಗವಾಗಿ ಹೋಗುವಾಗ ತಣಿಯುತ್ತಿದ್ದರೆ, ಫ್ಯಾನಿನ ಮೇಲೆ ಸಂಶಯಪಡಿ. ಅದರ ಫ್ಯೂಸ್, ರಿಲೇ, ವೈರು ನೋಡಿಸಿ. ಇದಕ್ಕೆ ತದ್ವಿರುದ್ಧವಾಗಿ, ಹೇರು ಹಾಕಿ ಘಾಟಿ ಹತ್ತುವಾಗ ಕಾಯುತ್ತಿದ್ದರೆ ರೇಡಿಯೇಟರ್ ಕಟ್ಟಿಕೊಂಡಿರಬಹುದು, ಇಲ್ಲವೇ ಥರ್ಮೋಸ್ಟಾಟ್ ತೆರೆಯದೆ ನಿಂತಿರಬಹುದು. ತೋಟದ ದಾರಿಯಲ್ಲಿ ಓಡುವ ಗಾಡಿಗಳ ರೇಡಿಯೇಟರ್ ಮುಂದೆ ಒಣಗಿದ ಎಲೆ, ಹುಳು, ಕೆಸರು ಕೂರುವುದು ಹೆಚ್ಚು. ಇಂಜಿನ್ ತಣ್ಣಗಿರುವಾಗ ಸಣ್ಣ ಒತ್ತಡದ ನೀರನ್ನು ಇಂಜಿನಿನ ಕಡೆಯಿಂದ ಹೊರಮುಖವಾಗಿ ಬಿಟ್ಟು ತೊಳೆಯಿರಿ. ಜೋರಾದ ಪಂಪಿನ ನೀರು ಬಿಟ್ಟರೆ ತೆಳುವಾದ ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಬ್ಯಾಟರಿಯ ದೀಪವೂ ಜೊತೆಗೆ ಹೊತ್ತಿದರೆ ಬೆಲ್ಟು ತುಂಡಾಗಿರುವ ಸಂಭವವಿದೆ. ಅನೇಕ ಗಾಡಿಗಳಲ್ಲಿ ಬ್ಯಾಟರಿಗೆ ವಿದ್ಯುತ್ ಕೊಡುವ ಯಂತ್ರವನ್ನೂ ವಾಟರ್ ಪಂಪನ್ನೂ ಒಂದೇ ಬೆಲ್ಟು ತಿರುಗಿಸುತ್ತದೆ. ಅಂಥ ಗಾಡಿಯನ್ನು ಒಂದು ಫರ್ಲಾಂಗೂ ಓಡಿಸಬಾರದು.

ನೀರಿನ ಮಟ್ಟವೂ ತಾಪವೂ ಸರಿಯಿದ್ದು, ಮಟ್ಟದ ದೀಪ ಮಾತ್ರ ಏರಿಳಿತದಲ್ಲಿ ಮಿನುಗುತ್ತಿದ್ದರೆ, ಡಬ್ಬಿಯ ಸೆನ್ಸರೋ ಅದರ ವೈರೋ ಕೆಟ್ಟಿರಬಹುದು. ಇಲ್ಲಿಯೂ ಇಲಿಯ ಕೈವಾಡ ಇರಬಹುದು. ಆದರೆ ಮಟ್ಟವನ್ನು ಕಣ್ಣಾರೆ ನೋಡದೆ "ಸೆನ್ಸರ್ ಕೆಟ್ಟಿದೆ" ಎಂದು ತೀರ್ಮಾನಿಸಬೇಡಿ.

ಕಡೆಯದು ದೊಡ್ಡ ಕಾಯಿಲೆ. ಹೊರಗೆ ಎಲ್ಲಿಯೂ ಸೋರಿಕೆಯಿಲ್ಲ, ಆದರೂ ನೀರು ಇಳಿಯುತ್ತಿದೆ. ಹೊಗೆ ಕೊಳವೆಯಿಂದ ಇಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ, ಡಬ್ಬಿಯಲ್ಲಿ ಎಡೆಬಿಡದೆ ಗುಳ್ಳೆ, ಇಂಜಿನ್ ಆಯಿಲು ನಾವು ಬೆಳಿಗ್ಗೆ ಕುಡಿಯುವ ಹಾಲು ಕಾಫಿಯ ಬಣ್ಣಕ್ಕೆ ತಿರುಗಿದೆ. ಹೀಗಿದ್ದರೆ ಹೆಡ್ ಗ್ಯಾಸ್ಕೆಟ್ ಸುಟ್ಟು ನೀರು ಇಂಜಿನಿನ ಒಳಗೇ ಸೇರುತ್ತಿದೆ ಎಂದು ತಿಳಿದು, ಗಾಡಿಯನ್ನು ಎಳೆಸಿಕೊಂಡೇ ಹೋಗಬೇಕು. ಕೆಂಪು ದೀಪ ಕಂಡ ಮೇಲೂ ಓಡಿಸಿದವರು ಬಹುಪಾಲು ಬಂದು ಸೇರುವುದು ಇಲ್ಲಿಗೇ.

ನೀರಿನ ಗುಣ

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ. ಆಳದ ನೀರಿನಲ್ಲಿ ಫ್ಲೋರೈಡ್ ಮತ್ತು ಲವಣಾಂಶ ಹೆಚ್ಚು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ತಂದು ಅಲ್ಲಿನ ಕೆರೆಗಳಿಗೆ ತುಂಬಿಸಬೇಕಾಗಿ ಬಂತೆಂದರೆ ನೀರಿನ ಕಷ್ಟ ಎಷ್ಟೆಂದು ತಿಳಿಯಬಹುದು. ಗಡಸು ನೀರು ಕಾಯಿಸಿದ ಹಂಡೆಯ ಒಳಗೆ ಬಿಳಿ ಹಕ್ಕಳೆ ಕಟ್ಟುವುದನ್ನು ನೋಡಿದ್ದೇವಲ್ಲ, ಅದೇ ಹಕ್ಕಳೆ ರೇಡಿಯೇಟರಿನ ಸಣ್ಣ ನಾಳಗಳಲ್ಲಿಯೂ ಕಟ್ಟುತ್ತದೆ. ಆಮೇಲೆ ಹೊಸ ನೀರು ತುಂಬಿಸಿದರೂ ಶಾಖ ಹೊರಬೀಳುವುದಿಲ್ಲ.

ಹಾಗಾದರೆ ನಮ್ಮ ಮಲೆನಾಡಿನ ಮೆದು ನೀರು ಆಗಬಹುದೇ? ತುರ್ತಿಗೆ ಆದೀತು, ನಿತ್ಯಕ್ಕೆ ಸಲ್ಲದು. ಇಂಜಿನಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಮೊದಲಾದ ಬೇರೆ ಬೇರೆ ಲೋಹಗಳು ಒಂದೇ ನೀರಿನಲ್ಲಿ ನೆನೆಯುತ್ತವೆ. ಬರಿ ನೀರಿನಲ್ಲಿ ಅವು ಒಂದನ್ನೊಂದು ತಿನ್ನುತ್ತವೆ. ಮೈಲುತುತ್ತದ ನೀರಿನಲ್ಲಿ ಕಬ್ಬಿಣದ ಮೊಳೆ ಅದ್ದಿದರೆ ಏನಾಗುತ್ತದೆಂದು ಅಡಿಕೆಗೆ ಔಷಧಿ ಹೊಡೆಯುವ ನಮಗೆ ಹೇಳಬೇಕಾಗಿಲ್ಲ. ಕೂಲೆಂಟಿನಲ್ಲಿರುವ ರಾಸಾಯನಿಕಗಳು ಈ ಸವೆತವನ್ನು ತಡೆಯುತ್ತವೆ. ಜೊತೆಗೆ ಕುದಿಯುವ ತಾಪವನ್ನೂ ಏರಿಸುತ್ತವೆ. ನಾನು ವಾರವಾರವೂ ಚೊಂಬು ನೀರು ಹಾಕಿ ಅದನ್ನು ತೆಳುಮಾಡಿ ಕೆಡಿಸಿದ್ದೆ.

ಬೋರ್ಡೋ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು ಎಂದು ಅಳತೆ ತಪ್ಪದೆ ಬೆರೆಸುವಂತೆ ಇಲ್ಲಿಯೂ ಅಳತೆಯುಂಟು. ಸಿದ್ಧ ಕೂಲೆಂಟ್ ಆದರೆ ಹಾಗೆಯೇ ಹಾಕಬೇಕು. ಗಟ್ಟಿಯದಾದರೆ ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬೆರೆಸಬೇಕು. ಬಣ್ಣ ಒಂದೇ ಎಂದು ಎರಡು ಜಾತಿಯದನ್ನು ಕೂಡಿಸಬಾರದು, ಬಣ್ಣಕ್ಕೂ ಗುಣಕ್ಕೂ ನಿಶ್ಚಿತವಾದ ಸಂಬಂಧವಿಲ್ಲ. ಎಷ್ಟು ವರ್ಷಕ್ಕೊಮ್ಮೆ ಬದಲಿಸಬೇಕೆಂಬುದು ಕೈಪಿಡಿಯಲ್ಲಿರುತ್ತದೆ. ಸೋರಿಕೆ ನಿಲ್ಲಿಸಲು ಅರಿಸಿನಪುಡಿ ಹಾಕುವ ಹಳೆಯ ಉಪಾಯವನ್ನು ಇಂದಿನ ಗಾಡಿಗಳಿಗೆ ಮಾಡಬೇಡಿ; ಸೋರುವ ತೂತಿಗಿಂತ ಮೊದಲು ಒಳಗಿನ ಸಣ್ಣ ನಾಳಗಳೇ ಮುಚ್ಚಿಹೋಗುತ್ತವೆ.

ಒಂದು ಎಚ್ಚರಿಕೆಯ ಮಾತು. ಕೂಲೆಂಟ್ ವಿಷ. ಅದರ ರುಚಿ ಸಿಹಿಯಾದುದರಿಂದ ನಾಯಿ, ಬೆಕ್ಕು, ಕರುಗಳು ನೆಕ್ಕುತ್ತವೆ, ಸ್ವಲ್ಪವೇ ಹೊಟ್ಟೆಗೆ ಹೋದರೂ ಮೂತ್ರಪಿಂಡ ಕೆಟ್ಟು ಸಾಯಬಹುದು. ಬದಲಿಸಿದ ಹಳೆಯದನ್ನು ಅಂಗಳಕ್ಕೆ, ಹಳ್ಳಕ್ಕೆ ಚೆಲ್ಲದೆ ಗ್ಯಾರೇಜಿಗೆ ಒಪ್ಪಿಸಿ. ಉಳಿದುದನ್ನು ಸೋಡಾ, ಜ್ಯೂಸ್ ಬಾಟಲಿಗಳಲ್ಲಿ ತುಂಬಿಡಬೇಡಿ, ಮನೆಯಲ್ಲಿ ಮಕ್ಕಳಿದ್ದಾರೆ.

ಬಂಗಾರಪೇಟೆಯಲ್ಲಿ

ಹೋಸಿನ ಬಿರುಕಿಗೆ ರಬ್ಬರು ಪಟ್ಟಿ ಬಿಗಿದು, ನೀರು ತುಂಬಿಸಿ, ಹೀಟರ್ ಹಾಕಿಕೊಂಡು ನಿಧಾನವಾಗಿ ಮೇಸ್ತ್ರಿಯೇ ಗಾಡಿಯನ್ನು ಬಂಗಾರಪೇಟೆಗೆ ತಂದ. ಹೊಸ ಹೋಸು ಹಾಕುವವರೆಗೆ ಅಲ್ಲಿನ ಹೆಸರಾದ ಪಾನಿಪುರಿ ತಿಂದೆವು. ಬಂಗಾರಪೇಟೆ ಪಾನಿಪುರಿಯ ನೀರಿಗೆ ಬಣ್ಣವೇ ಇಲ್ಲ, ಕುಡಿಯುವ ನೀರಿನಂತೆ ತಿಳಿ. ಖಾರ ಬಾಯಿಗೆ ಹೋದ ಮೇಲೆಯೇ ಗೊತ್ತಾಗುವುದು. "ಪಾನಿಪುರಿ ನೀರಿಗೆ ಬಣ್ಣ ಬೇಡ ಸಾರ್, ಗಾಡಿ ನೀರಿಗೆ ಬೇಕು. ಬಣ್ಣ ಇದ್ರೆ ಸೋರಿದ್ದು ಕಾಣ್ತದೆ" ಎಂದ ಮೇಸ್ತ್ರಿ. ಬಣ್ಣವಿಲ್ಲದ ಬರಿ ನೀರು ಹಾಕಿ ನಾನೇ ಕಳ್ಳನ ಹೆಜ್ಜೆ ಅಳಿಸಿದ್ದೆ.

ಹಿರಿಯರೂ ನಮ್ಮೊಡನೆ ಬಂದಿದ್ದರು. ಕೆಜಿಎಫ್ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಅದಕ್ಕೆ ಮೊದಲು ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಬಂಡೆಯ ತಾಪವೇ 60 ಡಿಗ್ರಿ ದಾಟುತ್ತಿದ್ದುದರಿಂದ ಮೇಲಿನಿಂದ ತಂಪುಮಾಡಿದ ಗಾಳಿಯನ್ನು ಯಂತ್ರಗಳ ಮೂಲಕ ಇಳಿಸುತ್ತಿದ್ದರು. "ಗಾಳಿ ನಿಂತ್ರೆ ಆಳು ಮೇಲೆ ಬರಬೇಕು, ಆಮೇಲೆ ಉಳಿದ ಮಾತು. ಅಲ್ಲಿ ನಾಳೆ ನೋಡೋಣ ಅನ್ನೋದು ಇರಲಿಲ್ಲ" ಎಂದರು. ನನಗೆ ಉತ್ತರ ಹೊಳೆಯಲಿಲ್ಲ.

ಹೋಸು, ಕ್ಲಿಪ್ಪು, ಮುಚ್ಚಳ, ಕೂಲೆಂಟ್, ಕೂಲಿ ಎಲ್ಲ ಸೇರಿ ಎರಡು ಸಾವಿರ ರೂಪಾಯಿಗಿಂತ ಸ್ವಲ್ಪ ಹೆಚ್ಚಾಯಿತು. ಮರದ ನೆರಳಿನಲ್ಲಿ ನಿಲ್ಲಿಸದೆ ಬಂಗಾರಪೇಟೆಯವರೆಗೆ ಓಡಿಸಿದ್ದರೆ ಹೆಡ್ ಬಿಚ್ಚಬೇಕಾಗುತ್ತಿತ್ತು, ಖರ್ಚು ಹತ್ತು ಪಟ್ಟಾದರೂ ಆಗುತ್ತಿತ್ತು ಎಂದ ಮೇಸ್ತ್ರಿ. ಮೊದಲ ಸಲ ದೀಪ ಮಿನುಗಿದಾಗಲೇ ನೋಡಿದ್ದರೆ ಒಂದು ಹೋಸಿನ ಬೆಲೆಯಲ್ಲಿ ಮುಗಿಯುತ್ತಿತ್ತು. ಉಗುರಿನಿಂದ ಹೋಗುವುದಕ್ಕೆ ಕೊಡಲಿ ಎತ್ತಿದಂತಾಯಿತು. ಮುಚ್ಚಳಕ್ಕೆ ಕೈ ಹಾಕಿದಾಗ ಆ ಹಿರಿಯರು ಬಾರದಿದ್ದರೆ ಆಗುತ್ತಿದ್ದ ನಷ್ಟಕ್ಕೆ ಮಾತ್ರ ರೂಪಾಯಿಯ ಲೆಕ್ಕವಿಲ್ಲ.

ಈಗ ನಮ್ಮ ಮನೆಯಲ್ಲಿ ಪ್ರತಿ ಸೋಮವಾರ ಬೆಳಿಗ್ಗೆ, ಗಾಡಿ ತಣ್ಣಗಿರುವಾಗ, ಬಾನೆಟ್ ಎತ್ತಿ ನೀರಿನ ಮಟ್ಟ ನೋಡುವುದು ನಿಯಮವಾಗಿದೆ. ಎರಡು ನಿಮಿಷದ ಕೆಲಸ. ಕಾರನ್ನು ಹುಲ್ಲು, ಅಡಿಕೆ ಇಡುವ ಶೆಡ್ಡಿನಿಂದ ಹೊರಗೆ ತಂದಿದ್ದೇವೆ. ಡಿಕ್ಕಿಯಲ್ಲಿ ಎರಡು ಲೀಟರು ಡಿಸ್ಟಿಲ್ಡ್ ವಾಟರ್, ಒಂದು ದಪ್ಪ ಗೋಣಿ ತುಂಡು, ಟಾರ್ಚು ಇರುತ್ತವೆ. ಮಟ್ಟ ನೋಡಿ ಪುಸ್ತಕದಲ್ಲಿ ಬರೆದಿಡುವ ಕೆಲಸವನ್ನು ಮಡದಿ ತಾನೇ ವಹಿಸಿಕೊಂಡಿದ್ದಾಳೆ. ಆ ವಿಷಯದಲ್ಲಿ ನನ್ನ ಮಾತನ್ನು ಅವಳು ಈಗ ನಂಬುವುದಿಲ್ಲ.

ಮಳೆಗಾಲ ಹಿಡಿಯುವ ಮೊದಲು ಸದಸ್ಯ ಬಾಂಧವರು ತಮ್ಮ ತಮ್ಮ ಗಾಡಿಗಳ ಹೋಸು, ಮುಚ್ಚಳ, ನೀರಿನ ಮಟ್ಟಗಳನ್ನು ಒಮ್ಮೆ ನೋಡಿಸಿಕೊಳ್ಳಬೇಕಾಗಿ ಕೋರುತ್ತೇನೆ. ನೀರು ಕಡಿಮೆಯಿದ್ದರೆ ತುಂಬಿಸಿರಿ. ತುಂಬಿಸಿದ ಮೇಲೆ, ಅದು ಎಲ್ಲಿಗೆ ಹೋಯಿತೆಂದು ತಪ್ಪದೆ ಹುಡುಕಿರಿ.